ಒಂದು ಡುಗ್ಗಿಗೆ ಎಷ್ಟು ಟಿಕ್ಕು

ನಮ್ಮ ಡ್ರಿಲ್ ಟೀಚರ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಬಿದ್ದಿತ್ತು. ವರ್ಷಗಟ್ಟಲೆ ವಿಷಲ್ ಕಚ್ಚಿದ್ದರ ಗುರುತು. ಆ ಸಂದಿಯಿಂದ ಗಾಳಿ ಸೋರಿ, ಅವರ ಮಾತಿಗೆಲ್ಲ ಒಂದು ಸಣ್ಣ ಸೀಟಿ ಅಂಟಿಕೊಂಡಿರುತ್ತಿತ್ತು. "ಸಾಲಾಗಿ ನಿಲ್ರೋ ಸೋಮಾರಿಗಳಾ" ಅಂದರೆ ಎರಡು ಸೀಟಿ. "ಸುಮ್ನಿರೋ" ಅಂದರೆ ಒಂದೇ, ಆದರೆ ಉದ್ದ. ಹೊನ್ನಾಳಿಯ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಯಾವುದೂ ನನ್ನ ತಲೆಗೆ ಇಳಿಯಲಿಲ್ಲ. ಆ ಸೀಟಿ ಮಾತ್ರ ಬೇಗನೆ ನಾಲಿಗೆಗೆ ಇಳಿಯಿತು.

ಹೆಡ್‌ಮಾಸ್ಟರ ಕೆಮ್ಮು, ಕಂಡಕ್ಟರನ "ರೈಟ್ ರೈಟ್", ನಮ್ಮಪ್ಪನ ಗೊರಕೆ, ಯಾವುದನ್ನೂ ನಾನು ಬಿಟ್ಟವನಲ್ಲ. ನನ್ನ ಸ್ವಂತ ದನಿ ಯಾವುದು ಅಂತ ಕೇಳಿದರೆ ಮಾತ್ರ ಗೊತ್ತಿಲ್ಲ. ಒಮ್ಮೆ ಕನ್ನಡಿ ಮುಂದೆ ನಿಂತು ಮಾತಾಡಿ ನೋಡಿದೆ, ಅದೂ ನಮ್ಮ ಚಿಕ್ಕಪ್ಪನ ದನಿಯೇ ಆಗಿತ್ತು. ಒಂದು ದಿನ ಸಾಲಿನ ಕೊನೆಯಲ್ಲಿ ನಿಂತು ಟೀಚರ ದನಿಯಲ್ಲಿ "ಎಡಕ್ಕೆ ತಿರುಗ್!" ಅಂದೆ. ಇಡೀ ಕ್ಲಾಸು ತಿರುಗಿತು. ಟೀಚರೂ ತಿರುಗಿದರು, ನನ್ನ ಕಡೆ. ಕಿವಿ ಹಿಂಡುತ್ತಾರೆ ಅಂದುಕೊಂಡೆ. ಅವರು ಕೊರಳಿನ ವಿಷಲ್ ತೆಗೆದು ನನ್ನ ಕೊರಳಿಗೆ ಹಾಕಿದರು.

"ಇವತ್ತು ಪೂರ್ತಿ ನೀನೇ ಮಾಡ್ಸು. ನನ್ನ ದನೀಲೇ ಮಾಡ್ಸಬೇಕು. ತಪ್ಪಿದ್ರೆ ಮೈದಾನಕ್ಕೆ ಸುತ್ತು."

ಅವರು ಬೇವಿನ ಮರದ ಕೆಳಗೆ ಕೂತು ಆರಾಮಾಗಿ ಟೀ ಕುಡಿದರು. ನಾನು ಬೆವರು ಸುರಿಸುತ್ತ ಕವಾಯತು ಮಾಡಿಸಿದೆ. ಪೀರಿಯಡ್ ಮುಗಿದ ಮೇಲೆ ಬಂದು ವಿಷಲ್ ವಾಪಸ್ ತಗೊಂಡು, "ನಿಂಗೆ ಬರೋದು ಇದೊಂದೇ ಕಣೋ. ಇದನ್ನಾದ್ರೂ ನೆಟ್ಟಗೆ ಮಾಡು. ನನ್ನ ಸೀಟಿ ಇನ್ನೂ ಉದ್ದ ಐತೆ," ಅಂದರು.

ಅದೇ ನನ್ನ ಹೊಟ್ಟೆಪಾಡಾಯಿತು. ಚನ್ನಗಿರಿ ಕಡೆ ಮದುವೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ, ಉಳಿದ ದಿನ ಆಟೋದಲ್ಲಿ ಮೈಕು ಹಿಡಿದು ಸೀರೆ ಅಂಗಡಿಯ ಪ್ರಚಾರ.

ಟೀಚರು ಮದುವೆಯಾಗಲಿಲ್ಲ. ಅವರಿಗೆ ತಮ್ಮದು ಅಂತ ಇದ್ದದ್ದು ನ್ಯಾಮತಿಯಲ್ಲಿ ಅಡಿಕೆ ವ್ಯಾಪಾರ ಮಾಡುವ ಅಣ್ಣ, ಮತ್ತು ಆ ಅಣ್ಣನ ಶೆಡ್ಡಿನಲ್ಲಿದ್ದ ಒಂದು ಮೋಟರ್ ಸೈಕಲ್ಲು. ಮೊದಲ ಕೆಲಸ ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಸಿಕ್ಕಿದಾಗ, ಬಸ್ಸಿಗೆ ಕಾದು ಕಾದು ರೋಸಿ, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದಂತೆ. ಒಂದೇ ಸಿಲಿಂಡರಿನ, ಡುಗ್ ಡುಗ್ ಅನ್ನುವ, ಕಿಕ್ ಹೊಡೆದರೆ ತಿರುಗಿ ಕಾಲಿಗೇ ಒದೆಯುವ ಜಾತಿಯದು. ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಟೀಚರು ಅದರ ಮೇಲೆ ಹೊರಟರೆ ಜನ ಕೆಲಸ ಬಿಟ್ಟು ನಿಂತು ನಗುತ್ತಿದ್ದರಂತೆ. ವರ್ಗವಾಗಿ ಈ ಕಡೆ ಬಂದ ಮೇಲೆ ಅದರ ಎಂಜಿನ್ ಕೆಟ್ಟಿತು. ಗಾಡಿ ಅಣ್ಣನ ಶೆಡ್ಡು ಸೇರಿತು. ಸೀಟಿನ ಸ್ಪಂಜಿನೊಳಗೆ ಬೆಕ್ಕು ಮರಿ ಹಾಕಿತು.

ಟೀಚರು ರಿಟೈರ್ ಆದ ವರ್ಷ, ದಾವಣಗೆರೆ ರಸ್ತೆಯಲ್ಲಿ ಹೋಟೆಲ್ ಕಟ್ಟಿಸುತ್ತಿದ್ದ ಸಾಹುಕಾರನೊಬ್ಬ ಅದನ್ನು ಕೇಳಿಕೊಂಡು ಬಂದ. ಬಣ್ಣ ಬಳಿದು ಊಟದ ಹಾಲಿನ ಗೋಡೆಗೆ ನೇತುಹಾಕುತ್ತಾನಂತೆ, ಗಿರಾಕಿಗಳು ಸೆಲ್ಫಿ ತೆಗೆದುಕೊಳ್ಳಲಿ ಅಂತ. ಅಣ್ಣನಿಗೋ ಶೆಡ್ಡು ಖಾಲಿಯಾದರೆ ಸಾಕಿತ್ತು.

"ಗೋಡೆಗೆ ಫೋಟೊ ಹಾಕ್ತಾರಣ್ಣ, ಗಾಡಿ ಹಾಕ್ತಾರೇನು?" ಅಂದರು ಟೀಚರು. "ನಾನದನ್ನ ಓಡಿಸ್ತೀನಿ."

"ಈ ವಯಸ್ಸಲ್ಲಾ? ಎಲ್ಲಿಗೆ, ಮತ್ತೆ ಸೊಕ್ಕೆಗಾ?" ಅಣ್ಣ ನಕ್ಕರು.

"ಹೂಂ, ಸೊಕ್ಕೆಗೇ. ಹೋಗಿ ಬರ್ತೀನಿ. ದಾರೀಲಿ ನಿಂತು ಲಗೇಜ್ ಆಟೋದಾಗೆ ಹೇರ್ಕೊಂಡು ಬಂದೆ ಅಂದ್ರೆ, ಅವತ್ತೇ ಆ ಹೋಟೆಲ್‌ನೋನಿಗೆ ಕೊಟ್ಬಿಡು."

ಪಂಥ ಬಿತ್ತು. ಅಣ್ಣ ಒಂದು ಷರತ್ತು ಸೇರಿಸಿದರು: ಎಂಜಿನ್ ಒಂದೇ ಸಲ ಬಿಚ್ಚಬೇಕು. ಎರಡನೇ ಸಲ ಬಿಚ್ಚಿದರೆ ಸೋತ ಲೆಕ್ಕ.

ಹೊನ್ನಾಳಿಯ ಗ್ಯಾರೇಜಿನ ಚಾಚಾ ಎಂಜಿನ್ ಬಿಚ್ಚಿದರು. ಟೀಚರು ಪಕ್ಕದಲ್ಲಿ ಸ್ಟೂಲು ಹಾಕಿ ಕೂತು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು, ಗಿಡ್ಡ ಮುಂದೆ, ಉದ್ದ ಹಿಂದೆ. ಪಿಸ್ಟನ್ನು ಚನ್ನಗಿರಿಯ ಹಳೆಯ ಸ್ಪೇರ್ ಪಾರ್ಟ್ಸ್ ಅಂಗಡಿಯ ಅಟ್ಟದಲ್ಲಿ ಸಿಕ್ಕಿತು. ಅದನ್ನು ಹುಡುಕಿ ತಂದವನು ನಾನು. ಅಷ್ಟಕ್ಕೇ ಅರ್ಧ ಎಂಜಿನ್ ನಾನೇ ಕಟ್ಟಿದೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ.

ಎಲ್ಲ ಜೋಡಿಸಿ, ಟೀಚರೇ ಕಿಕ್ ಹೊಡೆದರು. ಗಾಡಿ ಎದ್ದಿತು. ಡುಗ್, ಡುಗ್, ಡುಗ್. ಟೀ ಅಂಗಡಿಯವರೆಲ್ಲ ಎದ್ದು ಬಂದು ಚಪ್ಪಾಳೆ ತಟ್ಟಿದರು. ಚಾಚಾ ಮಾತ್ರ ತಟ್ಟಲಿಲ್ಲ. ಡುಗ್ ಜೊತೆಗೆ ಇನ್ನೊಂದು ಸಣ್ಣ ಸದ್ದು ಬರುತ್ತಿತ್ತು. ಟಿಕ್, ಟಿಕ್, ಟಿಕ್.

"ಅಕ್ಕಾ, ಸೌಂಡ್ ಐತೆ," ಅಂದರು ಸಪ್ಪೆಯಾಗಿ. "ತಳದ ಕ್ರಾಂಕ್ ಹೋಗಿರ್ಬೇಕು. ಮತ್ತೆ ಪೂರಾ ಬಿಚ್ಚಬೇಕು."

ಎರಡನೇ ಸಲ ಬಿಚ್ಚಿದರೆ ಗಾಡಿ ಗೋಡೆಗೆ. ಚಪ್ಪಾಳೆ ತಟ್ಟಿದವರೇ ಈಗ ಒಬ್ಬೊಬ್ಬರೂ ಒಂದೊಂದು ರೋಗ ಹೇಳತೊಡಗಿದರು. ಒಬ್ಬ ಪಿಸ್ಟನ್ ಅಂದ, ಇನ್ನೊಬ್ಬ ಚೈನು ಅಂದ, ಮೂರನೆಯವನು ಹೋಟೆಲ್ಲಿನ ಊಟ ಹೆಂಗಿರ್ತೈತೋ ಅಂದ.

"ಎಲ್ಲೈತೆ ಸೌಂಡು? ನಿಮ್ಮ ಕಿವಿಯಾಗೈತೆ!" ಟೀಚರು ಗದರಿದರು.

ನಾನು ಅವರ ಎದುರು ಕೂತು ಆ ಸದ್ದನ್ನು ಮಾಡಿ ತೋರಿಸಿದೆ. ಇದ್ದ ಹಾಗೇ, ಸೂಜಿಯ ಮೊನೆಯಷ್ಟು ಸಣ್ಣಗೆ. ಟೀಚರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಹೂಂ, ಮಾಡು," ಅಂದರು.

ನಾನು ಮಾಡಿ ಮುಗಿಸಿದ್ದೆ.

ಚಾಚಾ ನನ್ನ ಮುಖ ನೋಡಿದರು. ಜನ್ಮದಲ್ಲಿ ಮೊದಲ ಸಲ ನನಗೆ ತಮಾಷೆ ಹೊಳೆಯಲಿಲ್ಲ. ಗಂಟಲು ಸರಿಮಾಡಿಕೊಂಡು ಅದೇ ಸದ್ದನ್ನು ಎದೆಯಿಂದ ತೆಗೆದೆ, ಡೊಳ್ಳಿನ ದನಿಗೆ ಇಳಿಸಿ, ದಪ್ಪಗೆ: ಡುಗ್ ಟೊಕ್, ಡುಗ್ ಟೊಕ್. ಟೀಚರ ಹುಬ್ಬು ಮೇಲೇರಿತು.

"ಮೊದಲೇ ಹಿಂಗೆ ಮಾಡಾಕೆ ಏನಾಗಿತ್ತೋ ನಿಂಗೆ? ಒಂದು ಡುಗ್ಗಿಗೆ ಎಷ್ಟು ಟಿಕ್ಕು? ಒಂದಾ, ಎರಡಾ?"

"ಗೊತ್ತಾಗ್ತಿಲ್ಲ ಟೀಚರ್. ಭಾಳ ಜೋರು ಓಡ್ತಾ ಐತೆ."

"ಆ ಖಾಲಿ ಡಬ್ಬ ತಗಾ. ಡುಗ್ಗಿಗೆ ಎಡಗೈ, ಟಿಕ್ಕಿಗೆ ಬಲಗೈ. ಬಡಿ."

ಚಾಚಾ ಗಾಡಿಯ ಓಟವನ್ನು ಇನ್ನೇನು ನಿಲ್ಲಬೇಕು ಅನ್ನುವಷ್ಟು ಇಳಿಸಿದರು. ನಾನು ಕಣ್ಣು ಮುಚ್ಚಿ ಆಯಿಲ್ ಡಬ್ಬ ಬಡಿದೆ. ಟೀಚರು ಕೇಳಲಿಲ್ಲ, ನನ್ನ ಕೈಗಳನ್ನು ನೋಡಿದರು. ಮೈದಾನದಲ್ಲಿ ನಮ್ಮ ಕಾಲುಗಳನ್ನು ನೋಡುತ್ತಿದ್ದ ಅದೇ ನೋಟ.

"ಎಡಕ್ಕೊಂದು, ಬಲಕ್ಕೊಂದು. ಸಮ ಐತೆ. ಚಾಚಾ, ಕ್ರಾಂಕು ಒಂದು ಡುಗ್ಗಿಗೆ ಎರಡು ಸುತ್ತು ಹೊಡೀತೈತೆ ಅಂತ ನೀವೇ ಹೇಳಿದ್ರಿ. ಅದರದ್ದಾಗಿದ್ರೆ ಟಿಕ್ಕೂ ಎರಡು ಬರ್ಬೇಕಿತ್ತು."

ಚಾಚಾ ಹಣೆ ಬಡಿದುಕೊಂಡರು. "ಹೆದರಿಕೇಲಿ ಮರ್ತೇ ಹೋಯ್ತು ಅಕ್ಕಾ. ಆ ಕ್ರಾಂಕ್ ಕೂರಿಸಿದ್ದು ನಾನೇ ಅಲ್ವಾ!"

ಹಾಗಾದರೆ ಸದ್ದು ಎಂಜಿನ್ನಿನ ಮೇಲ್ಭಾಗದ್ದು, ಅದಕ್ಕೆ ಪೂರಾ ಬಿಚ್ಚಬೇಕಿಲ್ಲ. ವಾಲ್ವಿನ ಕಡೆಯ ಟ್ಯಾಪೆಟ್ ಬಿಗಿ ಮಾಡಿದರು. ಟಿಕ್ಕು ಹೋಗಲಿಲ್ಲ. ಸಂಜೆಯವರೆಗೂ ನಾನು ಆ ಸದ್ದು ಮಾಡುತ್ತಲೇ ಇದ್ದೆ. ಬಾಯಿ ಒಣಗಿತು. ಆಗ ಒಂದು ವಿಷಯ ಹೊಳೆಯಿತು.

"ಟೀಚರ್, ಇದು ಬರೇ ನಾಲಿಗೇಲಿ ಬರಂಗಿಲ್ಲ. ಟಿಕ್ ಅಂದ ಮೇಲೆ ಚೂರು ಉಸಿರು ಬಿಡ್ಬೇಕು. ಬಿಡದಿದ್ರೆ ಅದರಂಗೆ ಕೇಳಲ್ಲ."

ಟೀಚರು ಸ್ಪ್ಯಾನರ್ ಕೆಳಗಿಟ್ಟರು. "ಉಸಿರು ಬೇಕು ಅಂದ್ರೆ ಅದು ಕಬ್ಬಿಣ ಅಲ್ವೋ. ಗಾಳಿ."

ಚಾಚಾ ಓಡಿಹೋಗಿ ಸೋಪಿನ ನೊರೆ ತಂದು, ಸೈಲೆನ್ಸರ್ ಪೈಪು ಎಂಜಿನ್ನಿಗೆ ಸೇರುವ ಜಾಗಕ್ಕೆ ಬಳಿದರು. ತಣ್ಣಗಾಗಿದ್ದ ಗಾಡಿಗೆ ಕಿಕ್ ಬಿತ್ತು. ಒಂದೊಂದು ಡುಗ್ಗಿಗೂ ಅಲ್ಲೊಂದು ಗುಳ್ಳೆ ಎದ್ದು ಒಡೆಯಿತು. ಹೊಗೆ ಸಂದಿಯಿಂದ ಸೋರಿ ಟಿಕ್ ಅನ್ನುತ್ತಿತ್ತು, ಅಷ್ಟೆ.

"ಥೇಟ್ ನಿಮ್ಮ ಹಲ್ಲಿನಂಗೇ ಟೀಚರ್," ಅಂದೆ, ಬಾಯಿ ಸುಮ್ಮನಿರದೆ. ಬೆನ್ನಿಗೆ ಫಟಾರನೆ ಬಿತ್ತು. ಆಯಿಲ್ ಮೆತ್ತಿದ ಆ ಅಂಗೈ ನನ್ನ ಬಿಳಿ ಅಂಗಿಯ ಮೇಲೆ ಇನ್ನೂ ಇದೆ. ಯಾವ ಸೋಪಿಗೂ ಅದು ಜಗ್ಗಿಲ್ಲ, ನಾನೂ ಜಾಸ್ತಿ ಉಜ್ಜಿಲ್ಲ.

ಅಲ್ಲೊಂದು ಹೊಸ ರಿಂಗ್ ಕೂರಿಸಿ ಬಿಗಿ ಮಾಡಿದರು, ಸದ್ದು ಸತ್ತಿತು. ನಲ್ಲಿಯ ಹತ್ತಿರ ಕೈ ತೊಳೆಯುತ್ತ ಟೀಚರು ಮೆಲ್ಲಗೆ, ಅಂದರೆ ಅವರ ಮಟ್ಟಿಗೆ ಮೆಲ್ಲಗೆ, ಹೇಳಿದರು: "ವಿಷಲ್ ಊದಿ ಊದಿ ಸಣ್ಣ ಸದ್ದೆಲ್ಲ ಹೋಗ್ಯಾವೆ ಕಣೋ. ದೊಡ್ಡವು ಕೇಳ್ತಾವೆ, ನಂಗೆ ಅಷ್ಟು ಸಾಕು. ಯಾರಿಗಾದ್ರೂ ಹೇಳಿದ್ಯೋ, ಸಾಯಿಸಿಬಿಡ್ತೀನಿ."

ಈಗ ಎಲ್ಲರಿಗೂ ಹೇಳುತ್ತಿದ್ದೇನೆ. ಬಂದು ಸಾಯಿಸಲಿ, ನೋಡೋಣ.

ಸೊಕ್ಕೆಗೆ ಹೋದೆವು. ಅವರು ಮುಂದೆ, ನಾನು ಹಿಂದೆ. ದಾವಣಗೆರೆ ದಾಟಿ ಜಗಳೂರಿನ ಮೆಕ್ಕೆಜೋಳದ ಹೊಲಗಳ ನಡುವೆ ಹೋಗುವಾಗ ಮತ್ತೊಂದು ಸದ್ದು ಶುರುವಾಯಿತು: ಗಲ್ ಗಲ್ ಗಲ್. ಲಗೇಜ್ ಆಟೋ ಕಣ್ಮುಂದೆ ಬಂತು. ಅವರ ಹೆಗಲಿನ ಹತ್ತಿರ ಬಾಗಿ ದಪ್ಪ ದನಿಯಲ್ಲಿ ಮಾಡಿ ತೋರಿಸಿದೆ. ಗಾಡಿ ನಿಂತಿತು. ಟೀಚರು ಹೆಲ್ಮೆಟ್ ತೆಗೆದು, ಎಂಜಿನ್ ಕಡೆ ತಿರುಗಿಯೂ ನೋಡದೆ, ನನ್ನ ಬ್ಯಾಗಿಗೆ ಕೈ ಹಾಕಿ ಊಟದ ಡಬ್ಬಿಯೊಳಗಿನ ಚಮಚ ಹೊರಗೆಳೆದರು. "ಅರ್ಧ ಎಂಜಿನ್ ಕಟ್ಟಿದೋನಂತೆ!"

ಸೊಕ್ಕೆಯ ಬಸ್ ಸ್ಟ್ಯಾಂಡಿನಲ್ಲಿ ಹಳಬರು ಗುರುತು ಹಿಡಿದು ಸುತ್ತ ನಿಂತರು. ರುಮಾಲಿನ ಹಿರಿಯರೊಬ್ಬರು ತಲೆ ಅಲ್ಲಾಡಿಸಿ, "ಈ ವಯಸ್ಸಲ್ಲಿ ಇದೆಲ್ಲ ಬೇಕೇನ್ರೀ ಟೀಚರಮ್ಮ?" ಅಂದರು.

"ಆ ವಯಸ್ಸಲ್ಲೂ ನೀವು ಇದನ್ನೇ ಕೇಳಿದ್ರಿ," ಅಂದರು ಟೀಚರು. ಹೇಳಿ ಕಿಕ್ ಹೊಡೆದರು.

ವಾಪಸ್ ಬರುವಾಗ ಹೊನ್ನಾಳಿಯಲ್ಲಿ ನಿಲ್ಲಿಸದೆ ನೇರ ನ್ಯಾಮತಿಗೆ ಹೋಗಿ, ಅಣ್ಣನ ಬಾಗಿಲಲ್ಲಿ ನಿಂತು ಜೋರಾಗಿ ವಿಷಲ್ ಊದಿದರು. ಅಣ್ಣ ಹೊರಗೆ ಬಂದು ಗಾಡಿಯನ್ನೂ ತಂಗಿಯನ್ನೂ ಮೇಲಿಂದ ಕೆಳಗೆ ನೋಡಿದರು. "ಗೆದ್ದೆ ಬಿಡವ್ವ. ಒಳಗೆ ಬಾ, ರೊಟ್ಟಿ ಆರ್ತಾವೆ," ಅಂದರು.

ಹೋದ ವರ್ಷ ಟೀಚರು ಹೋದರು. ಬೆಳಿಗ್ಗೆ ಹೊಸಿಲು ತೊಳೆಯುತ್ತಿದ್ದವರು ಹಾಗೇ ಒರಗಿ ಕೂತರಂತೆ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಹೇಳಿದರೆ ಅಳು ಬರುತ್ತದೆ, ಅತ್ತರೆ ಅವರು ಮೈದಾನಕ್ಕೆ ಸುತ್ತು ಅನ್ನುತ್ತಾರೆ.

ನ್ಯಾಮತಿಯ ಮನೆಯಲ್ಲಿ ಶಿವಗಣಾರಾಧನೆಯ ದಿನ ಗೋಡೆಯ ಮೇಲೆ ಅವರ ಫೋಟೊ, ಫೋಟೊಗೆ ಹಾರ. ಹೋಟೆಲ್ ಸಾಹುಕಾರನೂ ಬಂದಿದ್ದ. ನಾಲ್ಕು ಸಮಾಧಾನದ ಮಾತಾಡಿ, ಅಂಗಳದಲ್ಲಿದ್ದ ಗಾಡಿಯ ಕಡೆ ಕಣ್ಣು ಹಾಯಿಸಿದ.

"ಇನ್ನ ಯಾರು ಓಡಿಸ್ತಾರ್ರೀ ಅದನ್ನ? ಅವರ ನೆನಪಿಗಾದ್ರೂ ನಮ್ಮ ಗೋಡೆ ಮ್ಯಾಲಿರ್ಲಿ."

ಅಣ್ಣ ತಲೆ ತಗ್ಗಿಸಿ ಕೂತಿದ್ದರು. ಒಪ್ಪಿಬಿಡುತ್ತಾರೆ ಅನ್ನಿಸಿತು. ನಾನು ಹಿಂದೆ ನಿಂತಿದ್ದೆ. ಮಾಡಬೇಕೋ ಬೇಡವೋ ಅಂತ ಯೋಚಿಸುವ ಮೊದಲೇ ಬಾಯಿ ತೆರೆದಾಗಿತ್ತು.

"ಸುಮ್ನಿರೋ! ಗೋಡೆಗೆ ನನ್ನ ಫೋಟೊ ಹಾಕಿದೀರಿ, ಸಾಕು. ಗಾಡಿ ರಸ್ತೆ ಮ್ಯಾಲೇ ಇರ್ಬೇಕು!"

ಈ ಸಲ ಸೀಟಿ ಪೂರ್ತಿ ಉದ್ದಕ್ಕೆ ಬಂತು. ಊಟಕ್ಕೆ ಕೂತಿದ್ದ ಅವರ ಹಳೆಯ ವಿದ್ಯಾರ್ಥಿಗಳ ಬೆನ್ನು ತಂತಾನೇ ನೆಟ್ಟಗಾಯಿತು. ಬಡಿಸುತ್ತಿದ್ದವರ ಸೌಟು ಗಾಳಿಯಲ್ಲೇ ನಿಂತಿತು. ಅಣ್ಣ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಸಾಹುಕಾರನ ಕಡೆ ತಿರುಗಿದರು.

"ಕೇಳಿದ್ರಲ್ಲ? ಮಾಲೀಕರು ಒಪ್ಪಂಗಿಲ್ಲ."

ಆಮೇಲೆ ಒಳಗೆ ಹೋಗಿ ಕೀಲಿ ತಂದು ನನ್ನ ಕೈಗಿಟ್ಟರು. ಗಾಡಿ ಈಗಲೂ ಓಡುತ್ತಿದೆ. ಆಗಾಗ ಯಾವುದೋ ಗುರುತಿಲ್ಲದ ಸದ್ದು ಮಾಡುತ್ತದೆ. ಆಗ ರಸ್ತೆ ಪಕ್ಕ ನಿಲ್ಲಿಸಿ ಆ ಸದ್ದನ್ನು ಎದೆಯಿಂದ ತೆಗೆಯುತ್ತೇನೆ. ದಪ್ಪಗೆ, ಅವರಿಗೆ ಕೇಳುವ ಹಾಗೆ.