ಪೈಪು ಬೆಸೆದವನ ಸೀಟು

ಸಂಜೀವಪ್ಪನಿಗೆ ಮೀನು ತಿನ್ನಲು ಭಯ ಶುರುವಾಗಿ ಒಂದು ವರ್ಷವಾಗಿತ್ತು. ಹಲಸೂರಿನಲ್ಲಿ ಹುಟ್ಟಿ ಬೆಳೆದು, ಭಾನುವಾರ ಮೀನಿಲ್ಲದಿದ್ದರೆ ಮುಖ ಊದಿಸಿಕೊಂಡು ಕೂರುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಮೀನು ಉಷ್ಣ, ಬೇಡ ಎಂದಾಗ ಹೆಂಡತಿ ಗೋವಿಂದಮ್ಮ ಅವನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ನಿಜ ಏನೆಂದರೆ ಅವನಿಗೆ ಮುಳ್ಳು ಕಾಣುತ್ತಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬರುತ್ತಿದೆಯೆಂದು ಯಾರೂ ಹೇಳದೆ ಅವನಿಗೆ ಗೊತ್ತಿತ್ತು, ಅವನಪ್ಪನಿಗೂ ಹೀಗೇ ಆಗಿತ್ತು. ಮುಳ್ಳು ಗಂಟಲಿಗೆ ಸಿಕ್ಕಿದರೆ ಕಷ್ಟ ಅವನೊಬ್ಬನಿಗೆ. ಆದರೆ ಶಿವಾಜಿನಗರದ ಸಂದಿಯೊಂದರಲ್ಲಿ ಅವನದು ವೆಲ್ಡಿಂಗ್ ಅಂಗಡಿ, ಅವನು ಬೆಸೆದ ಪೈಪುಗಳು ಓಡುವ ಕಾರುಗಳ ಒಳಗಿದ್ದವು. ಅವನ ನಿಜವಾದ ಹೆದರಿಕೆ ಅದು.

ಕಣ್ಣಾಸ್ಪತ್ರೆಯ ಗೇಟಿನವರೆಗೆ ಎರಡು ಸಲ ಹೋಗಿದ್ದ, ಎರಡು ಸಲವೂ ಹಾಗೇ ವಾಪಸು ಬಂದಿದ್ದ. ಒಳಗೆ ಹೋದರೆ ಡಾಕ್ಟರು ಇನ್ನು ಈ ಕೆಲಸ ಬಿಡಿ ಎಂದುಬಿಟ್ಟರೆ? ಮೂವತ್ತೆರಡು ವರ್ಷದ ಕೈಚಳಕ ಒಂದೇ ಮಾತಿಗೆ ಮೂಲೆ ಸೇರುತ್ತದೆ. ಆ ಮಾತು ಕೇಳುವುದಕ್ಕಿಂತ ಮಬ್ಬಿನಲ್ಲಿ ತಡಕಾಡುವುದೇ ವಾಸಿ ಎನ್ನಿಸಿತ್ತು. ಹೆದರಿಕೆ ಮನುಷ್ಯನ ಕೈಯಲ್ಲಿ ಎಂಥೆಂಥ ದಡ್ಡತನ ಮಾಡಿಸುತ್ತದೆ ನೋಡಿ.

ಅವನ ಅಂಗಡಿಯಲ್ಲಿ ಒಂದು ನಿಯಮವಿತ್ತು, ಅವನೇ ಮಾಡಿದ್ದು. ಪೈಪು ಬೆಸೆದವನು ಆ ಕಾರಿನ ಮೊದಲ ಓಟದಲ್ಲಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರಬೇಕು. ತನ್ನ ಬೆಸುಗೆಯನ್ನು ತಾನೇ ನಂಬದವನು ಬೇರೆಯವರಿಗೆ ನಂಬು ಎನ್ನಬಾರದು ಎಂದು ಸಂದಿಗೆಲ್ಲ ಕೇಳುವಂತೆ ಕೊಚ್ಚಿಕೊಳ್ಳುತ್ತಿದ್ದ. ಈಚೆಗೆ ಒಂದು ವರ್ಷದಿಂದ ಮಾತ್ರ ಪ್ರತಿ ಸಲ ಅವನಿಗೆ ಸರಿಯಾಗಿ ಆ ಹೊತ್ತಿಗೇ ಮಂಡಿ ನೋವು ಬರುತ್ತಿತ್ತು.

ಹೀಗಿರುವಾಗ ಒಂದು ಮಂಗಳವಾರ ಬೃಂದಾ ಎಂಬ ಹೆಣ್ಣುಮಗಳು ಬಿರಿದ ಪ್ಲಾಸ್ಟಿಕ್ ಪೈಪೊಂದನ್ನು ತಂದು ಅವನ ಮೇಜಿನ ಮೇಲಿಟ್ಟಳು. ಕಲ್ಯಾಣ ನಗರದಲ್ಲಿ ಮನೆ, ಗರುಡಾಚಾರ್‌ಪಾಳ್ಯದಲ್ಲಿ ಆಫೀಸು. ಪ್ರತಿ ಶನಿವಾರ ಮಗಳನ್ನು ಕೂರಿಸಿಕೊಂಡು ಹೊಸಕೋಟೆಯ ತವರಿಗೆ ಹೋಗುವ ರೂಢಿ. ಹಿಂದಿನ ಶನಿವಾರ ಕೆ.ಆರ್. ಪುರದ ತೂಗುಸೇತುವೆ ಏರುವಾಗ ಢಬ್ ಎಂದು ಸದ್ದಾಗಿ ಕಾರು ಶಕ್ತಿ ಕಳೆದುಕೊಂಡಿತಂತೆ. ಹಿಂದೆ ಕಲ್ಲು ತುಂಬಿದ ಲಾರಿ. ಅದರ ಡ್ರೈವರ್ ಬ್ರೇಕ್ ತುಳಿದದ್ದು ಒಂದು ಚೂರು ತಡವಾಗಿದ್ದರೂ ತಾನಿಲ್ಲಿ ನಿಂತು ಮಾತಾಡುತ್ತಿರಲಿಲ್ಲ ಎಂದಳು. 

ಟರ್ಬೊ ಇರುವ ಕಾರಿನ ಜೀವ ಗಾಳಿಯಲ್ಲಿದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ, ಒತ್ತಿದ ಗಾಳಿ ಬಿಸಿಯಾಗುತ್ತದೆ, ಅದನ್ನು ಕಾರಿನ ಮೂತಿಯ ಹತ್ತಿರವಿರುವ ಇಂಟರ್‌ಕೂಲರ್ ತಣ್ಣಗೆ ಮಾಡಿ ಎಂಜಿನ್ನಿಗೆ ಕೊಡುತ್ತದೆ. ಈ ಗಾಳಿಯನ್ನು ಅಲ್ಲಿಂದಿಲ್ಲಿಗೆ ಒಯ್ಯುವುದು ಪೈಪು. ಪೈಪು ಬಿರಿದರೆ ಎಂಜಿನ್ನಿಗೆ ಉಸಿರಿಲ್ಲ.

ಬೃಂದಾಳಿಗೆ ಮೂರಿಂಚಿನ ಪೈಪು ಬೇಕಿತ್ತು. ದಪ್ಪ ಇದ್ದಷ್ಟೂ ಗಟ್ಟಿ ಎಂಬುದು ಅವಳ ನಂಬಿಕೆ. ಸಂಜೀವಪ್ಪ ತಲೆಯಾಡಿಸಿದ.

"ದಪ್ಪ ಪೈಪು ತುಂಬೋಕೆ ಟೈಮ್ ಬೇಕು ಮೇಡಂ. ನೀವು ಕಾಲು ಒತ್ತಿದ್ಮೇಲೆ ಗಾಡಿ ಯೋಚ್ನೆ ಮಾಡ್ಕೊಂಡು ಹೊರಡುತ್ತೆ. ಹಿಂದೆ ಲಾರಿ ಇದ್ದಾಗ ಆ ಯೋಚ್ನೆ ನಿಮಗೆ ಬೇಡ."

ತೀರ ಸಣ್ಣದಾದರೆ ಎಂಜಿನ್ನಿನ ಕುತ್ತಿಗೆ ಹಿಸುಕಿದಂತೆ ಎಂದೂ ಹೇಳಿದ. ಕೊನೆಗೆ ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಬಿಸಿ ಗಾಳಿಗೆ ಎರಡಿಂಚು, ಅಲ್ಲಿಂದ ಎಂಜಿನ್ನಿಗೆ ಹೋಗುವ ತಣ್ಣನೆಯ ಗಾಳಿಗೆ ಎರಡೂವರೆ ಎಂದು ತೀರ್ಮಾನವಾಯಿತು. ಇಲ್ಲಿಯವರೆಗೆ ಅವನು ಹೇಳಿದ್ದೆಲ್ಲ ನಿಜವೇ. ಕಣ್ಣು ಮಂಜಾಗಿದ್ದರೂ ಬುದ್ಧಿ ಮಂಜಾಗಿರಲಿಲ್ಲ.

ಸುಳ್ಳು ಶುರುವಾದದ್ದು ಲೋಹದ ಮಾತು ಬಂದಾಗ. ಸಾದಾ ಕಬ್ಬಿಣ ಬೇಡ, ಒಳಗೆ ತುಕ್ಕು ಹಿಡಿದು ಹಕ್ಕಳೆ ಎದ್ದು ಎಂಜಿನ್ನಿಗೆ ಹೋಗುತ್ತದೆ ಎಂದ. ಅದು ಸರಿ. ಅಲ್ಯೂಮಿನಿಯಂ ಹಗುರ, ತುಕ್ಕಿಲ್ಲ, ಬೇಗ ಆರುತ್ತದೆ, ಅದೇ ಒಳ್ಳೆಯದೆಂದು ಮೂವತ್ತೆರಡು ವರ್ಷ ಎಲ್ಲರಿಗೂ ಹೇಳಿದವನು ಈಗ ಸ್ಟೇನ್‌ಲೆಸ್ ಸ್ಟೀಲ್ ಹಾಕೋಣ, ಅದೇ ಗಟ್ಟಿ ಎಂದ. ಉಕ್ಕು ಕರಗುವ ಮುಂಚೆ ಕೆಂಪಾಗಿ ಎಚ್ಚರಿಕೆ ಕೊಡುತ್ತದೆ, ಆ ಕೆಂಪು ಅವನ ಮಬ್ಬುಗಣ್ಣಿಗೂ ಕಾಣುತ್ತಿತ್ತು. ಅಲ್ಯೂಮಿನಿಯಂ ಹಾಗಲ್ಲ. ಕೊನೆಯ ಗಳಿಗೆಯವರೆಗೂ ಬೆಳ್ಳಗೇ ಇದ್ದು, ಮೇಲೆ ಚೂರು ಮಿನುಗಿ, ಕುಸಿದೇಬಿಡುತ್ತದೆ. ಆ ಮಿನುಗು ನೋಡಲು ಕಣ್ಣು ಬೇಕು.

ಬೃಂದಾ ಒಪ್ಪಲಿಲ್ಲ. ಅಲ್ಯೂಮಿನಿಯಂ ಬೆಸೆಯುವುದರಲ್ಲಿ ದಂಡು ಪ್ರದೇಶದಲ್ಲೆಲ್ಲ ಸಂಜೀವಪ್ಪನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ರಿಚರ್ಡ್ಸ್ ಟೌನಿನ ಮೆಕ್ಯಾನಿಕ್ ಹೇಳಿದ್ದಕ್ಕೇ ತಾನು ಹುಡುಕಿಕೊಂಡು ಬಂದೆ ಎಂದಳು. ಹೊಗಳಿಕೆಗೆ ಕರಗದ ವೆಲ್ಡರ್ ಇನ್ನೂ ಹುಟ್ಟಿಲ್ಲ. ಸಂಜೀವಪ್ಪ ಒಂದು ಕ್ಷಣ ತನ್ನ ಹಳೆಯ ಕಣ್ಣುಗಳ ಮನುಷ್ಯನಾಗಿಬಿಟ್ಟ. ಆಯ್ತು ಎಂದ. 

ಗುರುವಾರ ಕೆಲಸಕ್ಕೆ ಕೂತ. ಪೈಪಿನ ತಿರುವುಗಳನ್ನು ಕತ್ತರಿಸಿ ನಾಲ್ಕು ಕಡೆ ಬೆಸೆಯಬೇಕಿತ್ತು. ವೆಲ್ಡಿಂಗ್ ಮುಖವಾಡವನ್ನು ಮುಖದ ಮೇಲೆ ಇಳಿಸಿಕೊಂಡು ಕಿಡಿ ಹೊತ್ತಿಸಿದರೆ ಎದುರಿಗೆ ಕಂಡದ್ದು ಬೆಳಕಿನ ಒಂದು ಹತ್ತಿಯುಂಡೆ, ಅದರ ಸುತ್ತ ಹಾಲಿನಂಥ ಮಬ್ಬು. ಸದ್ದು ಕೇಳಿಕೊಂಡು, ಕೈಯ ಅಭ್ಯಾಸ ನಂಬಿಕೊಂಡು ಬೆಸೆದ. ಆರಿದ ಮೇಲೆ ಬೆರಳಿಂದ ಸವರಿ ನೋಡಿದ. ಮೂರು ಜೋಡಣೆ ಒಂದೇ ಸಮ ಬಂದಿದ್ದವು. ನಾಲ್ಕನೆಯದರ ಒಂದು ಕಡೆ ಬೆರಳು ತಡವರಿಸಿತು. ಮತ್ತೆ ಸವರಿದ. ಏನೂ ಇಲ್ಲ ಎಂದುಕೊಂಡ, ಏನೂ ಇಲ್ಲ ಎಂದುಕೊಳ್ಳಬೇಕಿತ್ತು.

ಪೈಪಿನ ಎರಡೂ ಬಾಯಿ ಮುಚ್ಚಿ, ಒಳಗೆ ಗಾಳಿ ಹೊಡೆದು, ಮೇಲೆ ಸೋಪಿನ ನೀರು ಹಚ್ಚುವುದು ಅವರಲ್ಲಿ ಪರೀಕ್ಷೆ. ಸೋರಿದರೆ ಗುಳ್ಳೆ ಏಳುತ್ತದೆ. ಹಚ್ಚಿದ, ಬಗ್ಗಿ ನೋಡಿದ. ಗುಳ್ಳೆ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಕಿವಿಯಿಟ್ಟು ಕೇಳಿದ. ಪಕ್ಕದಲ್ಲಿ ತೌಹೀದನ ಲೇತ್ ಮಷೀನು ಗರಗರ ಎನ್ನುತ್ತಿತ್ತು. ತೌಹೀದ ಇಪ್ಪತ್ತು ವರ್ಷದ ನೆರೆಯವನು, ಕೂಗಿದರೆ ಕೆಲಸ ಬಿಟ್ಟು ಬರುವವನು. ಸ್ವಲ್ಪ ಇದನ್ನ ನೋಡು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಸಂಜೀವಪ್ಪ ಅದನ್ನು ನುಂಗಿಕೊಂಡ. ಶುಕ್ರವಾರ, ಬೃಂದಾ ಎಳೆಸಿ ತಂದು ಬಿಟ್ಟುಹೋಗಿದ್ದ ಕಾರಿಗೆ ಪೈಪನ್ನು ಕೂರಿಸಿ ಕ್ಲಾಂಪು ಬಿಗಿದ.

ಶನಿವಾರ ಬೆಳಿಗ್ಗೆ ಬೃಂದಾ ಬಂದಳು. ಸಂಜೀವಪ್ಪ ಅಷ್ಟರಲ್ಲಿ ಒಂದು ನಿರ್ಧಾರಕ್ಕೆ ಬಂದಿದ್ದ. ಇವತ್ತು ಮಂಡಿ ನೋವಿನ ನೆಪ ಬೇಡ, ಪಕ್ಕದಲ್ಲಿ ತಾನೂ ಕೂರುತ್ತೇನೆ, ಆದದ್ದು ತನಗೂ ಆಗಲಿ. ಪಾಪ, ಅದನ್ನೇ ಅವನು ಪ್ರಾಮಾಣಿಕತೆ ಎಂದುಕೊಂಡಿದ್ದ. ಬೃಂದಾ ಡ್ರೈವರ್ ಸೀಟಿನಲ್ಲಿ ಕೂತು ಎಂಜಿನ್ ಶುರು ಮಾಡಿ, ಒಳಗಿಂದಲೇ ಎಡಗಡೆಯ ಬಾಗಿಲು ತೆಗೆದು ಹಿಡಿದಳು. ಅವನ ನಿಯಮದ ಸುದ್ದಿ ಮೆಕ್ಯಾನಿಕ್ ಹೇಳಿದ್ದ.

"ಸೇತುವೆ ದಾಟಿಸಿ ನಿಮ್ಮನ್ನ ವಾಪಸ್ ಬಿಡ್ತೀನಿ ಅಣ್ಣಾ. ಆ ಏರಿನ ಹತ್ರ ನಂಗೆ ಕೈಕಾಲು ಆಡಲ್ಲ. ನೀವೇ ಪಕ್ಕದಲ್ಲಿದ್ರೆ ಧೈರ್ಯ."

ಅವನು ಒಂದು ಕಾಲು ಒಳಗಿಟ್ಟ. ಆಗ ಹಿಂದಿನ ಸೀಟಿನಿಂದ ಬೆಲ್ಟು ಸಿಕ್ಕಿಸಿಕೊಂಡ ಸದ್ದು ಕೇಳಿತು. ತಿರುಗಿ ನೋಡಿದ. ಮುಖ ಸರಿಯಾಗಿ ಕಾಣಲಿಲ್ಲ, ಕೆಂಪು ಫ್ರಾಕು ಕಂಡಿತು, ನೆಲಕ್ಕೆ ನಿಲುಕದ ಕಾಲುಗಳು ಕಂಡವು. ಸೃಷ್ಟಿ, ಎರಡನೇ ಕ್ಲಾಸು ಎಂದು ಬೃಂದಾ ಪರಿಚಯ ಮಾಡಿಸಿದಳು.  ಲಾರಿ ಬರುವುದು ಹಿಂದಿನಿಂದ. ಮೊದಲು ಸಿಕ್ಕುವುದು ಹಿಂದಿನ ಸೀಟು. ಪಕ್ಕದಲ್ಲಿ ಕೂತು ತಾನೆಷ್ಟು ಧೈರ್ಯ ತೋರಿಸಿದರೂ ಅದು ಆ ಮಗುವಿಗೆ ಮೂರು ಕಾಸಿನ ಉಪಯೋಗಕ್ಕೆ ಬರುವುದಿಲ್ಲ.  ಇಟ್ಟ ಕಾಲನ್ನು ಹೊರಗೆ ತೆಗೆದ.

"ಮಗೂನ ಇಳಿಸಿ," ಎಂದ.

ಯಾಕೆ ಎಂದು ಬೃಂದಾ ಕೇಳಿದಳು.

"ನಂಗೆ ಕಣ್ಣು ಕಾಣಲ್ಲಮ್ಮ. ನಾಲ್ಕನೇ ಜಾಯಿಂಟು ಹಿಡಿದಿದ್ಯೋ ಇಲ್ವೋ ನಂಗೊತ್ತಿಲ್ಲ. ಕಾಣಲ್ಲ ಅಂತ ಗೊತ್ತಿದ್ದೂ ಕೂರಿಸ್ಬಿಟ್ಟೆ."

 ಬೃಂದಾ ಬೀಗದ ಕೈ ತಿರುಗಿಸಿ ಎಂಜಿನ್ ಆರಿಸಿದಳು. ಮಗಳನ್ನು ಇಳಿಸಿ, ರಟ್ಟೆ ಹಿಡಿದು, ಸಂದಿಯ ಆಚೆ ಬದಿಗೆ ಹೋಗಿ ನಿಂತಳು. ಬೈದಿದ್ದರೆ ಸಹಿಸಬಹುದಿತ್ತು. ತಾನು ಮುಟ್ಟಿದ ವಸ್ತುವಿನಿಂದ ಒಬ್ಬ ತಾಯಿ ಮಗುವನ್ನು ದೂರ ಎಳೆದುಕೊಂಡು ಹೋದದ್ದನ್ನು ಅವನು ಈ ಜನ್ಮದಲ್ಲಿ ಮರೆಯುವಂತಿರಲಿಲ್ಲ.

ತೌಹೀದನನ್ನು ಅವನೇ ಕೂಗಿ ಕರೆದ. ತೌಹೀದ ಪೈಪು ಬಿಚ್ಚಿ, ಬಿಸಿಲಿಗೆ ಹಿಡಿದು, ನಾಲ್ಕನೇ ಜೋಡಣೆಯ ಅಂಚಿಗೆ ಸ್ಕ್ರೂಡ್ರೈವರಿನ ತುದಿ ಕೊಟ್ಟು ಮೆಲ್ಲಗೆ ಒತ್ತಿದ. ಹೆಬ್ಬೆರಳಗಲ ಬಾಯಿ ಬಿಟ್ಟುಕೊಂಡಿತು.

"ಇಲ್ಲಿ ಹಿಡ್ದೇ ಇಲ್ಲ ಸಂಜೀವ್ ಭಾಯ್. ಮೇಲೆ ಕೂತಿದೆ ಅಷ್ಟೆ," ಎಂದ. ಆಮೇಲೆ ದನಿ ತಗ್ಗಿಸಿ, ಎಷ್ಟು ದಿನದಿಂದ ಹೀಗೆ ಎಂದು ಕೇಳಿದ. ಒಂದು ವರ್ಷ ಎಂದ ಸಂಜೀವಪ್ಪ.

ಈಗ ಎದೆ ಹಗುರಾಗಬೇಕಿತ್ತು. ಮಗು ಕೆಳಗಿಳಿದಿತ್ತು, ನಿಜ ಹೊರಗೆ ಬಂದಿತ್ತು. ಹಗುರಾಗಲಿಲ್ಲ. ಆಚೆ ಬದಿಯಿಂದ ಬೃಂದಾ ಅವನು ಒಂದು ವರ್ಷದಿಂದ ಹೆದರಿದ್ದ ಪ್ರಶ್ನೆಯನ್ನೇ ಕೇಳಿದಳು.

"ಇದಕ್ಕೆ ಮುಂಚೆ ಎಷ್ಟು ಗಾಡಿ?"

"ಹನ್ನೊಂದು."

ಯೋಚಿಸಬೇಕಾಗಿರಲಿಲ್ಲ. ಒಂದೊಂದರ ಬಣ್ಣ, ಒಂದೊಂದರ ಮಾಲೀಕ, ಎಲ್ಲ ಬಾಯಿಪಾಠವಾಗಿತ್ತು. ಜೇಬಿನಿಂದ ಫೋನು ತೆಗೆದ, ಪರದೆಯ ಮೇಲಿನ ಹೆಸರುಗಳು ಇರುವೆ ಸಾಲಿನಂತೆ ಹರಿದಾಡಿದವು. ಸಂದಿ ದಾಟಿ ಹೋಗಿ ಫೋನನ್ನು ಬೃಂದಾಳ ಮುಂದೆ ಹಿಡಿದ. ಅವಳು ಒಂದು ಕೈಯಲ್ಲಿ ಮಗಳ ಕೈ ಬಿಡದೆ, ಇನ್ನೊಂದರಲ್ಲಿ ತೆಗೆದುಕೊಂಡಳು. ಮೊದಲು ಯಾರು ಎಂದು ಕೇಳಿದಳು.

"ಅಪ್ಪಣ್ಣ. ದಿನಾ ಕೋಲಾರಕ್ಕೆ ಓಡಿಸ್ತಾರೆ."

ಅವಳು ಹುಡುಕಿ ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು. ರಿಂಗಾಯಿತು. ಇನ್ನೊಂದು ಸಲ ಆಯಿತು. ಯಾರೂ ಎತ್ತಲಿಲ್ಲ. ತೌಹೀದ ಬಂದು ಪಕ್ಕದಲ್ಲಿ ನಿಂತ.  ಇನ್ನೇನು ಕಟ್ಟಾಗಬೇಕು ಎನ್ನುವಾಗ ಆಚೆಯಿಂದ ಗಾಳಿಯ ಸದ್ದು, ಹಾರನ್ನು, ಅದರ ನಡುವೆ ನಗುನಗುತ್ತಾ ಒಂದು ದನಿ ಬಂತು.

"ಹೇಳಿ ಸಂಜೀವಪ್ಪಾರೇ, ಹೈವೇಲಿದೀನಿ. ಗಾಡಿ ಸೂಪರಾಗಿ ಎಳೀತಿದೆ."

"ಅಪ್ಪಣ್ಣಾರೇ," ಎಂದ ಸಂಜೀವಪ್ಪ, "ನಿಧಾನಕ್ಕೆ ಎಡಕ್ಕೆ ತಗೊಂಡು ನಿಲ್ಸಿ."