ಕಲ್ಲಮ್ಮ ತೇದ ಜಾಜು

ಕಂದಿಕೆರೆಯ ಕರಿಬಸವಯ್ಯನಿಗೆ ಸುತ್ತ ಹತ್ತು ಹಳ್ಳಿಯಲ್ಲಿ ಹೆಸರಿತ್ತು. ಸರ್ಪಸುತ್ತು ಎದ್ದವರ ಮೈಮೇಲೆ ಕೆಂಪು ಜಾಜುಕಲ್ಲು ತೇದ ಬಣ್ಣದಿಂದ ಹಾವು ಬರೆಯುವುದು ಅವನ ವಿದ್ಯೆ. ಗುಳ್ಳೆಗಳ ಸಾಲು ಸೊಂಟ ಬಳಸಿ ಬಂದು ಹೆಡೆಯೂ ಬಾಲವೂ ಕೂಡಿದರೆ ಆಳು ಉಳಿಯುವುದಿಲ್ಲವೆಂದು ಊರಿಗೆ ಊರೇ ನಂಬಿತ್ತು. ಇವನು ಬೆನ್ನಿನ ನಡುವೆ ಗೆರೆ ಎಳೆದು ಮಂತ್ರ ಮಣಮಣಿಸುತ್ತಿದ್ದ. ಹಾವು ಆ ಗೆರೆ ದಾಟಿದ್ದು ಒಮ್ಮೆಯೂ ಇಲ್ಲ. ವಾಸಿಯಾದವರು ಜಗಲಿ ಮೇಲೆ ತೆಂಗಿನಕಾಯಿ ಸುರಿದು ಹೋಗುತ್ತಿದ್ದರು, ಇವನು ಮೀಸೆ ತಿರುವುತ್ತಿದ್ದ.

ಜಾಜು ತೇಯುತ್ತಿದ್ದವಳು ಹೆಂಡತಿ ಕಲ್ಲಮ್ಮ. ಸಾವಿರದ ಒಂಬೈನೂರ ಎಪ್ಪತ್ತೇಳರ ಹೊತ್ತಿಗೆ ತೇಯುವ ಕಲ್ಲು ಅವಳ ಕೈಯಲ್ಲಿ ಮೂವತ್ತು ವರ್ಷ ಸವೆದಿತ್ತು. ಮಂತ್ರ ಮರೆತುಹೋದಾಗ ಗಂಡ ಕೆಮ್ಮಿ ಮುಚ್ಚಿಕೊಳ್ಳುತ್ತಾನೆಂಬುದೂ ಅವಳಿಗೆ ಗೊತ್ತಿತ್ತು. ಮನೆಯ ಮಾನವೆಂದು ಬಾಯಿ ಬಿಟ್ಟವಳಲ್ಲ.

ಆ ಮಾಘದಲ್ಲಿ ಅವಳ ಎಡ ಹಣೆ ಉರಿಯತೊಡಗಿತು. ಮೂರನೇ ದಿನ ಹುಬ್ಬಿನ ಮೇಲೆ ನೀರ್ಗುಳ್ಳೆ ಎದ್ದವು, ಮರುದಿನ ಮೂಗಿನ ತುದಿಯಲ್ಲೂ ಒಂದು. ಕಣ್ಣು ಕೆಂಡದಂತಾಗಿ ಬೆಳಕು ಕಂಡರೆ ಚುಚ್ಚುತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಕೇಳಿದಳು. ಈ ಮಹಾನುಭಾವನಿಗೆ ಹೆಂಡತಿಯ ಕಣ್ಣಿಗಿಂತ ಬಸ್ಸಿನಲ್ಲಿ ನೋಡುವ ಜನರ ಕಣ್ಣೇ ದೊಡ್ಡದಾಯಿತು. ಹಾವು ಬರೆಯುವವನ ಹೆಂಡತಿಯೇ ಡಾಕ್ಟರ ಮುಂದೆ ಕೂತರೆ ನಾಳೆ ಬಾಗಿಲಿಗೆ ಯಾರು ಬರುತ್ತಾರೆ? ಅವಳ ಕೈಯಲ್ಲೇ ಜಾಜು ತೇಯಿಸಿ, ಅವಳ ಹಣೆಯ ನಡುವೆಯೇ ಗೆರೆ ಎಳೆದ. ಆರು ದಿನ ಎಳೆದ. ಇಂಥವನನ್ನು ಬಯ್ಯಲು ನನಗಿರುವ ಒಂದು ನಾಲಿಗೆ ಸಾಲದು.

ಏಳನೇ ದಿನ ಕಲ್ಲಮ್ಮ ಸೆರಗಿನಿಂದ ಮುಖ ಮರೆಮಾಡಿಕೊಂಡು ಒಬ್ಬಳೇ ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಿದಳು. ಡಾಕ್ಟರು ಗುಳ್ಳೆಗಳ ಸಾಲು ನೋಡಿಯೇ ರೋಗ ಗುರುತಿಸಿ, ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಆಗಿತ್ತೇ ಎಂದು ಕೇಳಿದರು. ಆಗಿತ್ತು. ಅಂದಿನ ವೈರಸ್ಸೇ ನರದ ಬೇರಿನಲ್ಲಿ ಅಡಗಿ ಕೂತಿದ್ದು, ಮೈ ಸೋತಾಗ ಅದೇ ನರ ಹಿಡಿದು ಮೇಲೆದ್ದಿದೆ ಎಂದರು. ಒಂದು ನರ ಮೈಯ ಒಂದೇ ಪಕ್ಕಕ್ಕೆ ಹರಡುತ್ತದೆ, ಅದಕ್ಕೇ ಗುಳ್ಳೆಗಳು ನಡು ದಾಟುವುದಿಲ್ಲ, ಎರಡು ಮೂರು ವಾರದಲ್ಲಿ ತಾವೇ ಒಣಗುತ್ತವೆ ಎಂದೂ ಹೇಳಿದರು.

"ಆದ್ರೆ ಮೂಗಿನ ತುದೀಲಿ ಎದ್ರೆ ಕಣ್ಣಿಗೂ ಬಂತು ಅಂತ್ಲೇ ತಿಳ್ಕೋಬೇಕಮ್ಮ. ಎರಡಕ್ಕೂ ಒಂದೇ ನರ. ಯಾಕೆ ಇಷ್ಟು ತಡ ಮಾಡಿದ್ರಿ?"

ಮೂವತ್ತು ವರ್ಷ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅದಕ್ಕಾಗಿ ಕಲ್ಲಮ್ಮ ತೋಳು ನೋಯಿಸಿಕೊಂಡಿದ್ದಳು. ಅವಳಿಗೆ ಅಳುವಿಗಿಂತ ಹೇಸಿಗೆಯೇ ಹೆಚ್ಚಾಯಿತು.

ಮುಲಾಮು ಹಚ್ಚಿ, ಹನಿ ಹಾಕಿ ನೋಡಿದರೂ ಎಡಗಣ್ಣಿನ ಗುಡ್ಡೆ ಬೆಳ್ಳಗಾಗಿ ದೃಷ್ಟಿ ಹೋಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ತನ್ನ ಗೆರೆಯಿಂದಲೇ ಬಲಗಣ್ಣು ಉಳಿಯಿತೆಂದು ಕರಿಬಸವಯ್ಯ ಜಗಲಿಯ ಮೇಲೆ ಕೂತು ಹೇಳತೊಡಗಿದ. ಕಲ್ಲಮ್ಮ ಉಳಿದ ಜಾಜನ್ನೆಲ್ಲ ನೀರಿಗೆ ಕದಡಿ ಒಲೆಗೆ ಬಳಿದಳು.

ಯುಗಾದಿ ಕಳೆದ ಮೇಲೆ ಮಾಯಸಂದ್ರದ ದೊಡ್ಡರಂಗಯ್ಯ ಎಂಬವನು ಹಣೆಯ ಒಂದು ಪಕ್ಕದ ತುಂಬ ಗುಳ್ಳೆ ಹೊತ್ತು ಬಂದು, ಹಾವು ಬರೆಯುವವರ ಮನೆ ಇದೇನಾ ಎಂದು ಕೇಳಿದ. ಒಳಗಿನಿಂದ ಕರಿಬಸವಯ್ಯ ಕೆಮ್ಮಿದ. ಕಲ್ಲಮ್ಮ ಹೊಸಿಲಲ್ಲಿ ನಿಂತು ಸೆರಗು ಸರಿಸಿ, ಆ ಬಿಳಿಗಣ್ಣನ್ನು ಅವನತ್ತ ತಿರುಗಿಸಿದಳು.

"ಇದೇ ಕಣಪ್ಪ. ಅವ್ರು ಬರ್ದಿದ್ದು ಇಲ್ಲೈತೆ. ನೋಡ್ಕೊಂಡು ಆಸ್ಪತ್ರೆ ಬಸ್ ಹತ್ತು."