ನಾನು ಹೇಳಿದ ಆಸ್ಪತ್ರೆ

ಅಬುಧಾಬಿಯ ಬನಿಯಾಸಿಗೆ ಬಂದು ಇಪ್ಪತ್ತು ದಿನ ಆಗಿರಲಿಲ್ಲ, ಪಕ್ಕದ ಮನೆಯ ಸೋಫಾದಲ್ಲಿ ಚಹಾ ಹಿಡಿದು ಕೂತು ನಾನೊಂದು ಹೆರಿಗೆಯನ್ನು ಕೇಳಿದೆ. ನೋಡಲಿಲ್ಲ, ಕೇಳಿದೆ. ಆಮ್ನಾಳ ಫೋನಿನೊಳಗೆ ಒಬ್ಬಳು ನರಳುತ್ತಿದ್ದಳು, ಇನ್ನೊಬ್ಬಳು ಗದರುತ್ತಿದ್ದಳು, ಆಮೇಲೆ ಮಗು ಅತ್ತಿತು. ನಾನು ಕುಣಿದಾಡುವುದೊಂದು ಬಾಕಿ. ಆಮ್ನಾ ನಕ್ಕಳು. ಆ ಮಗು ಹುಟ್ಟಿ ಆಗಲೇ ಆರು ಗಂಟೆಯಾಗಿತ್ತಂತೆ, ಸಂದೇಶ ತಲುಪಿದ್ದು ಮಾತ್ರ ಆಗ.

ಆಮ್ನಾ ಸುಡಾನಿನವಳು. ಅಲ್ಲಿ ಕಲಿತ ಸೂಲಗಿತ್ತಿ, ಇಲ್ಲಿ ಶಾಲೆ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ. ಯುದ್ಧ ಶುರುವಾದ ಮೇಲೆ ಅವಳ ಊರಿನ ಆಸ್ಪತ್ರೆ ಮುಚ್ಚಿತು. ಊರಿನ ಹೆಸರು ನಾನು ಬರೆಯುವುದಿಲ್ಲ, ಅವರೆಲ್ಲ ಇನ್ನೂ ಅಲ್ಲೇ ಇದ್ದಾರೆ. ಒಬ್ಬ ಟೀಚರು, ಒಬ್ಬ ಚಹಾ ಮಾರುವವಳು, ಒಬ್ಬ ಮುದುಕಿ ದಾಯಾ, ಅಂದರೆ ಹಳೆ ಕಾಲದ ಸೂಲಗಿತ್ತಿ, ಸೇರಿಕೊಂಡು ಶಾಲೆಯ ಕೋಣೆಯೊಂದನ್ನು ತೊಳೆದು ಹೆರಿಗೆ ಕೋಣೆ ಮಾಡಿದ್ದರು. ಬಟ್ಟೆ, ಸೋಪು, ಬ್ಲೇಡು ಮನೆಮನೆಯಿಂದ ಬರುತ್ತಿತ್ತು. ಬಂದೂಕಿನವರ ಕೈಗೆ ಸಿಕ್ಕಿ ಬಂದ ಹೆಣ್ಣುಮಕ್ಕಳೂ ಅಲ್ಲೇ ಬಂದು ಮಲಗುತ್ತಿದ್ದರು. ಅವರಾಗಿ ಹೇಳುವವರೆಗೆ ಯಾರೂ ಏನೂ ಕೇಳುತ್ತಿರಲಿಲ್ಲ. ಏನಾದರೂ ಅನುಮಾನ ಬಂದರೆ ಆಮ್ನಾಳಿಗೆ ಧ್ವನಿ ಸಂದೇಶ ಕಳಿಸುವುದು. ಇಡೀ ಊರಿಗೆ ಒಂದೇ ಅಂಗಡಿಯಲ್ಲಿ ನೆಟ್, ಅದೂ ದಿನಕ್ಕೆ ಸ್ವಲ್ಪ ಹೊತ್ತು.

ನಾನು ಬೆಳ್ತಂಗಡಿ ಕಡೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಹದಿಮೂರು ವರ್ಷ ಎಎನ್ಎಂ ನರ್ಸ್ ಆಗಿದ್ದವಳು. ಊರಿಗೆಲ್ಲ 'ಸಿಸ್ಟರ್'. ನಾನು ದಾರಿಯಲ್ಲಿ ಬರುವುದು ಕಂಡರೆ ಬಸುರಿಯರು ಕಬ್ಬಿಣದ ಮಾತ್ರೆ ನುಂಗಿದಂತೆ ನಟಿಸುತ್ತಿದ್ದರು. ಇಲ್ಲಿ ವಿಲ್ಲಾವೊಂದನ್ನು ಹಲಗೆಯಿಂದ ಪಾಲು ಮಾಡಿದ ಒಂದು ಕೋಣೆ, ಅರ್ಧ ಅಡುಗೆಮನೆ, ವೀಸಾದಲ್ಲಿ ಗೃಹಿಣಿ. ನನ್ನ ಸರ್ಟಿಫಿಕೇಟು ಇಲ್ಲಿ ನಡೆಯುವುದಿಲ್ಲ. ಬೆಳಿಗ್ಗೆ ಕಂಪನಿ ಬಸ್ಸು ಇವರನ್ನು ಮುಸಫ್ಫಾದ ವರ್ಕ್‌ಶಾಪಿಗೆ ಹೊತ್ತೊಯ್ದ ಮೇಲೆ ಬಯ್ಯುವುದಕ್ಕೂ ಜನ ಇಲ್ಲ. "ಊರಿಡೀ ಬಯ್ಯುತ್ತಿದ್ದದ್ದನ್ನೆಲ್ಲ ಈಗ ನನ್ನೊಬ್ಬನಿಗೇ ಬಯ್ತೀಯಲ್ಲ ಮಾರಾಯ್ತಿ" ಎಂದು ಇವರು ತಮಾಷೆ ಮಾಡುತ್ತಿದ್ದರು. ಇನ್ನೊಂದು ವಿಚಿತ್ರ ಇದೆ. ಮದ್ರಸದಲ್ಲಿ ಕಲಿತ ಪುಣ್ಯಕ್ಕೆ ಅಂಗಡಿಯ ಅರಬಿ ಬೋರ್ಡನ್ನೆಲ್ಲ ಸರಾಗ ಓದುತ್ತೇನೆ, ಅರ್ಥ ಮಾತ್ರ ಮಾಫಿ, ಅಂದರೆ ಸೊನ್ನೆ.

ಆ ಅರಬಿಗೆ ಅರ್ಥ ತುಂಬಿದವಳು ಆಮ್ನಾ. ತಲೆ, ಕಣ್ಣು, ರಕ್ತ, ನೋವು ಎಂದು ಒಂದೊಂದೇ ಕಲಿಸಿದಳು. ಅಲ್ಲಿಯ ಬಾಣಂತಿಯರಿಗೂ ನಲವತ್ತು ದಿನ, ಅವರಿಗೂ ಮೆಂತೆ ಗಂಜಿ ಎಂದು ತಿಳಿದ ದಿನ ನಾವಿಬ್ಬರೂ ಒಂದೇ ಊರಿನವರೇನೋ ಎನಿಸಿತ್ತು. ಬಸ್ಸಿನ ಕೆಲಸದಲ್ಲಿ ಫೋನ್ ಮುಟ್ಟುವಂತಿಲ್ಲವಾದ್ದರಿಂದ ಬೆಳಗಿನ ಹೊತ್ತು ಅವಳ ಹಳೆ ಫೋನನ್ನು ನನ್ನ ಹತ್ತಿರ ಬಿಟ್ಟುಹೋಗತೊಡಗಿದಳು. ಬಂದ ಸಂದೇಶಗಳಿಗೆ ನಾನೇ ಉತ್ತರ ಕೊಡುತ್ತಿದ್ದೆ, ಅಲ್ಲಿನವರು ನನ್ನನ್ನು 'ದುಕ್ತೂರಾ' ಎನ್ನುತ್ತಿದ್ದರು. ಡಾಕ್ಟರಮ್ಮ. ನಾನು ಡಾಕ್ಟರಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ಕೇಳಲಿಕ್ಕೆ ಚಂದ ಇತ್ತು.

ಆಮ್ನಾಳ ತಂಗಿ ಹನಾನ್ ಅದೇ ಊರಿನಲ್ಲಿದ್ದಳು. ಚೊಚ್ಚಲ ಬಸುರಿ, ಎಂಟು ತಿಂಗಳು. ಒಂದು ಬೆಳಿಗ್ಗೆ ಅವಳ ದನಿ ಬಂತು. ತಲೆ ಸಿಡಿಯುತ್ತಿದೆ, ಮುಖ ಊದಿದೆ, ಕಣ್ಣು ಮಂಜು. ನನಗೆ ಅಷ್ಟೇ ಸಾಕಾಯಿತು. ಬಿಪಿ ಏರಿದೆ, ಇನ್ನು ಫಿಟ್ಸ್ ಬರುವುದೇ. ಹದಿಮೂರು ವರ್ಷ ನಾನು ಊರಲ್ಲಿ ಕೂಗಿದ್ದು ಒಂದೇ ಮಾತು, ಮನೆಯಲ್ಲಿ ಹೆರಿಗೆ ಬೇಡ, ಆಸ್ಪತ್ರೆಗೆ ನಡೆಯಿರಿ. 108ಕ್ಕೆ ಫೋನ್ ಮಾಡಿ ಎಷ್ಟು ಜನರನ್ನು ದಬ್ಬಿ ಕಳಿಸಿಲ್ಲ. ಅದೇ ಬಾಯಿ, ಅದೇ ಗತ್ತು. "ಮುಸ್ತಶ್ಫಾ! ಹಸ್ಸಾ! ಯಲ್ಲಾ!" ಎಂದು ಕಳಿಸಿದೆ. ಆಸ್ಪತ್ರೆ, ಈಗಲೇ, ನಡೆ. "ಹಾಜರ್ ದುಕ್ತೂರಾ" ಎಂದು ಉತ್ತರ ಬಂತು. ಹಾಗೇ ಆಗಲಿ ಡಾಕ್ಟರಮ್ಮ. ಜೀವ ಉಳಿಸಿದ ಹೆಮ್ಮೆಯಲ್ಲಿ ನಾನು ಮೀನು ತೊಳೆಯಲು ಹೋದೆ.

ಮಧ್ಯಾಹ್ನ ಆಮ್ನಾ ಬಂದು ಆ ಸಂದೇಶವನ್ನು ಎರಡು ಸಲ ಹಾಕಿ ಕೇಳಿದಳು. ನಾವಾಡುವುದು ಮುರುಕು ಇಂಗ್ಲಿಷು, ಮುರುಕು ಹಿಂದಿ. ಆವತ್ತು ಅವಳು ತುಂಬ ಮೆಲ್ಲಗೆ ಕೇಳಿದಳು.

"ಯಾವ ಆಸ್ಪತ್ರೆ, ಮೈಮೂನಾ?"

ಅವಳೇ ಮುಂದುವರಿಸಿದಳು.

"ತೆರೆದಿರುವುದು ಒಂದೇ. ಕತ್ತೆ ಗಾಡಿಯಲ್ಲಿ ಒಂದು ದಿನದ ದಾರಿ, ನಡುವೆ ಬಂದೂಕಿನವರು. ಫಿಟ್ಸ್ ತಡೆಯುವ ಇಂಜೆಕ್ಷನ್ ಶಾಲೆ ಕೋಣೆಯಲ್ಲೇ ಇತ್ತು. ನಾಲ್ಕು ಇತ್ತು. ಕೊಡಿ ಅಂತ ನಾವು ಹೇಳಿದ್ದರೆ ಕೊಡುತ್ತಿದ್ದರು."

ಆ ಇಂಜೆಕ್ಷನ್ ನನಗೆ ಗೊತ್ತು. ಮೊದಲು ಅದನ್ನು ಕೊಟ್ಟು ಆಮೇಲೆ ಆಂಬುಲೆನ್ಸ್ ಹತ್ತಿಸಬೇಕೆಂದು ನಮಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಅಂಥ ಊರಲ್ಲಿ ಏನಿರುತ್ತದೆ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ನಿಮ್ಮ ಹತ್ತಿರ ಏನಿದೆ ಎಂದು ಒಂದು ಮಾತು ಕೇಳಲಿಲ್ಲ.

ಎರಡು ದಿನ ಫೋನು ಸತ್ತಂತೆ ಬಿದ್ದಿತ್ತು. ಮೂರನೇ ದಿನ ಟೀಚರ ಸಂದೇಶ ಬಂತು. ಗಾಡಿಯನ್ನು ತಡೆದು ವಾಪಸ್ ಕಳಿಸಿದ್ದರು. ದಾರಿಯಲ್ಲೇ ಫಿಟ್ಸ್ ಬಂತು. ಜೊತೆಗಿದ್ದ ದಾಯಾ ಮರದಡಿಯಲ್ಲಿ ಮಗುವನ್ನು ತೆಗೆದಳು. ಹೆಣ್ಣು, ಬದುಕಿದೆ. ಹನಾನ್ ಇಲ್ಲ.

ಸಾವಿನ ಮನೆಗೆ ಬರುವ ಹೆಂಗಸರು ಸುಡಾನಿನಲ್ಲಿ ನೆಲದ ಮೇಲೆ ಒತ್ತೊತ್ತಾಗಿ ಕೂರುತ್ತಾರೆ. ಅಬುಧಾಬಿಯ ಮೂಲೆಮೂಲೆಯಿಂದ ಬಂದು ಆಮ್ನಾಳ ಕೋಣೆಯಲ್ಲೂ ಹಾಗೇ ಕೂತರು. ನಾನು ಬಾಗಿಲ ಬಳಿ ನಿಂತೆ. ಊರಿನಲ್ಲಾದರೆ ತಪ್ಪು ಮಾಡಿದ ಸಿಸ್ಟರಿನ ಮನೆ ಮುಂದೆ ಜನ ಸೇರುತ್ತಿದ್ದರು, ಬಯ್ಯುತ್ತಿದ್ದರು, ವಿಚಾರಣೆ ನಡೆಯುತ್ತಿತ್ತು. ಇಲ್ಲಿ ಯಾರಿಗೂ ನಾನು ಯಾರೆಂದೇ ಗೊತ್ತಿಲ್ಲ. ಒಬ್ಬಾಕೆ ಸರಿದು ಜಾಗ ಕೊಟ್ಟಳು. ಅದು ನನಗೆ ಬಯ್ಗುಳಕ್ಕಿಂತ ಕಷ್ಟವಾಯಿತು.

ಹತ್ತು ದಿನದ ನಂತರ ಆಮ್ನಾ ಬಾಗಿಲು ತಟ್ಟಿ ಫೋನ್ ಚಾಚಿದಳು.

"ನನ್ನಿಂದಾಗದು," ಎಂದೆ.

"ನನಗೆ ಬಸ್ಸಿದೆ. ಬೆಳಿಗ್ಗೆ ಯಾರು ಉತ್ತರ ಕೊಡುತ್ತಾರೆ?" ಅವಳ ಕಣ್ಣು ಬಾತಿತ್ತು. "ಕ್ಷಮಿಸಿದ್ದೇನೆ ಅಂದುಕೊಳ್ಳಬೇಡ. ಅದಿನ್ನೂ ಆಗಿಲ್ಲ. ಆದರೆ ನೀನು ಬೇಕು."

ಅವಳು ಹೋದ ಮೇಲೆ, ಗೊತ್ತಿದ್ದ ಅರಬಿ ಪದಗಳನ್ನೆಲ್ಲ ಜೋಡಿಸಿ ಶಾಲೆ ಕೋಣೆಯವರಿಗೆ ಸಂದೇಶ ಕಳಿಸಿದೆ. ನಾನು ಡಾಕ್ಟರಲ್ಲ, ಬರೀ ನರ್ಸು, ತಪ್ಪು ನನ್ನದು. ಮರುದಿನ ದಾಯಾಳ ಒಡಕು ದನಿ ಬಂತು. ಅರ್ಥವಾಗದೆ ಆಮ್ನಾಳಿಗೇ ಕೇಳಿಸಿದೆ. ಅವಳು ಗೋಡೆ ನೋಡುತ್ತಾ ಹೇಳಿದಳು: "'ನೀನು ಡಾಕ್ಟರಲ್ಲ ಅಂತ ನಮಗೆ ಮೊದಲ ವಾರವೇ ಗೊತ್ತು ಮಗಳೇ. ನಿನಗೆ ಖುಷಿಯಾಗುತ್ತದೆ ಅಂತ ಹಾಗೆ ಕರೆದೆವು. ಹನಾನ್ ಹೆದರಿದ್ದಳು. ಹೋಗು ಅಂತ ಒಂದು ದನಿ ಗಟ್ಟಿಯಾಗಿ ಹೇಳಿತು, ಹೊರಟಳು.'"

ನಾನು ಅತ್ತೆ. ಆಮ್ನಾ ಅಳಲಿಲ್ಲ, ಎದ್ದು ಹೋಗಲೂ ಇಲ್ಲ.

ಈಗ ಬೆಳಗಿನ ಫೋನಿಗೆ ನಾನೇ. ಮೊದಲು ನಿಮ್ಮ ಹತ್ತಿರ ಏನಿದೆ, ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳುತ್ತೇನೆ. ಅವರು ಹೇಳುವಾಗ ಹಿಂದೆ ಕೆಲವೊಮ್ಮೆ ಒಂದು ಮಗು ಅಳುತ್ತಿರುತ್ತದೆ. ಯಾರ ಮಗು ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಇವರಿಗೆ ರಜೆ ಸಿಕ್ಕಿದೆ, ಮುಂದಿನ ತಿಂಗಳು ಊರಿಗೆ. ಉಪಕೇಂದ್ರಕ್ಕೆ ಹೊಸ ಸಿಸ್ಟರ್ ಬಂದಿದ್ದಾಳೆ, ತುಂಬ ಒಳ್ಳೆಯವಳು, ಬಯ್ಯುವುದೇ ಇಲ್ಲ ಎಂದು ಉಮ್ಮ ಫೋನಿನಲ್ಲಿ ಹೊಗಳುತ್ತಾರೆ. ನನಗೆ ಅಲ್ಲಿ ಕೆಲಸವಿಲ್ಲ, ಇಲ್ಲಿ ಹೆಸರಿಲ್ಲ. ಪೆಟ್ಟಿಗೆ ತುಂಬುತ್ತಾ ಕೂತರೆ ಮನಸ್ಸು ಹೊರಡುವುದು ಮಾತ್ರ ಮೂರನೆಯ ಒಂದು ಊರಿಗೆ. ಅದನ್ನು ನಾನು ನೋಡಿಲ್ಲ, ನೋಡುವುದೂ ಇಲ್ಲ. ಅಲ್ಲಿ ಒಂದು ಹೆಣ್ಣುಮಗು ತಾಯಿಯಿಲ್ಲದೆ ಬೆಳೆಯುತ್ತಿದೆ.